ಟವೆಲಿನ ಕೆಳಗಿನ ಬೆಲೆ

ಶಿವರಾಜಪ್ಪ ಕಾಕಾನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ. ಭಾಲ್ಕಿಯಲ್ಲಿ ಯಾರನ್ನು ಕೇಳಿದರೂ ಅವರು ಸಾಚಾ ಮನುಷ್ಯ ಎನ್ನುತ್ತಾರೆ. ಇರಬಹುದು. ಆದರೆ ನನ್ನ ವ್ಯಾನಿನ ವ್ಯವಹಾರದಲ್ಲಿ ಅವರು ನನ್ನನ್ನು ಒಂದು ಮಾತು ಕೇಳದೆ ಒಂದು ಕೆಲಸ ಮಾಡಿದರು. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಬೇಡ ಅನ್ನುವ ಹಕ್ಕು ನನ್ನದು. ಅದನ್ನು ಅವರು ನನ್ನಿಂದ ಕಿತ್ತುಕೊಂಡರು. ಆಮೇಲೆ ನಾನು ಅವರ ಹೆಗಲಿನಿಂದ ಏನು ಕಿತ್ತೆ ಎನ್ನುವುದನ್ನು ಹೇಳುವಾಗ ಮಾತ್ರ ನನ್ನ ತಲೆ ತಗ್ಗುತ್ತದೆ.

ಕಾಕಾ ಮೂಲ ಭಾತಂಬ್ರಾದವರು, ಮನೆ ಮಾಡಿದ್ದು ಭಾಲ್ಕಿಯಲ್ಲಿ. ಹರೆಯದಲ್ಲಿ ಎತ್ತಿನ ದಲಾಲಿ. ಆಗಿನ ದನದ ಬಜಾರಿನಲ್ಲಿ ರೇಟನ್ನು ಬಾಯಿಂದ ಹೇಳುತ್ತಿರಲಿಲ್ಲ. ದಲಾಲಿ ತನ್ನ ಹೆಗಲ ಮೇಲಿನ ಟವೆಲು ತೆಗೆದು ಕೈಗಳ ಮೇಲೆ ಹಾಸುತ್ತಿದ್ದ. ಅದರ ಕೆಳಗೆ ಮಾರುವವನ ಬೆರಳು ಹಿಡಿದು ಒಂದು ರೇಟು, ಕೊಳ್ಳುವವನ ಬೆರಳು ಹಿಡಿದು ಒಂದು ರೇಟು. ಎರಡು ಬೆರಳು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ನೂರೋ ಸಾವಿರವೋ ಎನ್ನುವುದು ಎತ್ತು ನೋಡಿದರೆ ಇಬ್ಬರಿಗೂ ಗೊತ್ತಾಗುತ್ತದೆ. ಎದುರಿನವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿಬಿಟ್ಟರೆ ಮಾತು ಮುಗಿಯಿತು, ಸೌದಾ ಇಲ್ಲ, ಚಹಾ ಕುಡಿದು ಮನೆಗೆ ಹೋಗು ಎಂದು ಅರ್ಥ. ಸುತ್ತ ನಿಂತವರಿಗೆ ಟವೆಲು ಅಲುಗಾಡುವುದಷ್ಟೇ ಕಾಣಿಸುತ್ತಿತ್ತು. ಕಷ್ಟಕ್ಕೆ ಬಿದ್ದು ಎತ್ತನ್ನು ಕಡಿಮೆಗೆ ಕೊಟ್ಟವನೂ ತಲೆಯೆತ್ತಿಕೊಂಡೇ ಬಜಾರಿನಿಂದ ಹೊರಗೆ ಬರುತ್ತಿದ್ದ.

ನಮ್ಮ ಮಂದಿಗೆ ಮಾತ್ರ ಟವೆಲು ಇರಲಿಲ್ಲ. ಟವೆಲು ಹಾಕಿದರೆ ನಮ್ಮ ಕೈ ಹಿಡಿಯಬೇಕಾಗುತ್ತದಲ್ಲ! ನನ್ನ ಅಪ್ಪ ದನ ಹೊಡೆದುಕೊಂಡು ಹೋದರೆ ದಲಾಲಿಗಳು ದೂರ ನಿಂತು ಬಾಯಿಂದ ರೇಟು ಕೂಗುತ್ತಿದ್ದರಂತೆ. ಇಷ್ಟಕ್ಕೆ ಕೊಡ್ತೀಯೇನೋ? ಇನ್ನೂ ಕಡಿಮಿ ಮಾಡೋ! ಅಪ್ಪನಿಗೆ ಎಷ್ಟು ಸಿಕ್ಕಿತು ಎಂದು ಅಪ್ಪನಿಗಿಂತ ಮೊದಲು ಬಜಾರಿಗೆ ಗೊತ್ತಾಗುತ್ತಿತ್ತು. ಒಂದು ಸಲ ಇದೇ ಶಿವರಾಜಪ್ಪ, ಆಗ ಮೀಸೆ ಬಂದ ಹುಡುಗ, ಹತ್ತಿರ ಬಂದು ಅಪ್ಪನ ಕೈಮೇಲೆ ಟವೆಲು ಹಾಸಿದರು. ಉಳಿದ ದಲಾಲಿಗಳು ನಕ್ಕರು.

“ಏ ಶಿವರಾಜ, ಆ ಟವೆಲ್ ಇನ್ನ ಎಷ್ಟ್ ಸಲ ತೊಳೀತಿ?”

“ಕೈಯಾಗ ಸೌದಾ ಇದ್ದಾವನ ಕೈ ಹಿಡದೇನಿ. ನಿಂದೂ ಹಿಡದ್ ನೋಡೇನಲ್ಲ, ಬರೇ ಬೆವರು” ಎಂದರಂತೆ ಕಾಕಾ.

ಅಪ್ಪ ಈ ಮಾತನ್ನು ಸಾಯುವ ತನಕ ಹೇಳಿದ. ಹೇಳುವಾಗೆಲ್ಲ ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ನಾನು ಮುಂದೆ ಕಾಕಾನನ್ನೇ ಇದರ ಬಗ್ಗೆ ಕೇಳಿದ್ದೆ. “ನಿಮ್ಮಪ್ಪನ ಹೋರಿ ಚೊಲೊ ಇತ್ತು, ದಲಾಲಿ ಸಿಗ್ತದಂತ ಹಿಡದೆ. ಮತ್ತೇನು, ದೇವರ ಸೇವಾ ಮಾಡೀನಂತ ತಿಳಕೊಂಡಿಯೇನು?” ಎಂದರು. ಅವರು ಹಾಗೆಯೇ. ತಮ್ಮನ್ನು ದೊಡ್ಡವರು ಮಾಡಲು ಹೋದವರನ್ನು ಬೈಯುತ್ತಿದ್ದರು.

ಟ್ರ್ಯಾಕ್ಟರುಗಳು ಬಂದವು, ಎತ್ತು ಕಡಿಮೆಯಾದವು. ಕಾಕಾ ಮೊದಲು ಮೋಟರ್ ಸೈಕಲ್ಲಿಗೆ, ಆಮೇಲೆ ಕಾರಿಗೆ ದಲಾಲಿಯಾದರು. ಕಾರು ಓಡಿಸಲು ಅವರಿಗೆ ಇವತ್ತಿಗೂ ಬರುವುದಿಲ್ಲ. ಎತ್ತನ್ನು ನೋಡಿದ ಹಾಗೆಯೇ ಕಾರನ್ನು ನೋಡುತ್ತಾರೆ. ಎಡಗಡೆಯಿಂದ ಒಂದು ಸುತ್ತು ಬರುತ್ತಾರೆ. ಟೈರಿನ ಪಟ್ಟಿಗಳನ್ನು ಹಲ್ಲು ನೋಡಿದ ಹಾಗೆ ನೋಡುತ್ತಾರೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಸುಳ್ಳು ಹೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ನಾಲ್ಕು ಮಂದಿಯ ಕೈ ದಾಟಿ ಬಂದ ಕಾರನ್ನು “ಒಂದ ಕೈ ಗಾಡಿ ಅದಾ, ಮಾಸ್ತರ ಓಡಿಸ್ಯಾರ, ಹಾರ್ನ್ ಸುದ್ದಾ ಹೊಡದಿಲ್ಲ” ಎಂದು ಮುಖ ಗಂಭೀರ ಮಾಡಿಕೊಂಡು ಹೇಳುತ್ತಾರೆ. ಚಹಾ ಯಾವಾಗಲೂ ಗಿರಾಕಿಯ ಲೆಕ್ಕದಲ್ಲಿ. ಆದರೆ ಟವೆಲು ಹಾಸಿದ ಮೇಲೆ ಸುಳ್ಳಿಲ್ಲ. ಈಗ ಕಾರಿನ ರೇಟು ಎಲ್ಲರ ಮೊಬೈಲಿನಲ್ಲೂ ಫೋಟೋದ ಕೆಳಗೆ ಬರೆದಿರುತ್ತದೆ. ಹುಡುಗರು ನಗುತ್ತಾರೆ. ಕಾಕಾ ಮಾತ್ರ ಸ್ಟೇಷನ್ ಎದುರಿನ ಚಹಾದ ಹೋಟೆಲಿನಲ್ಲಿ ಕೂತು ಟವೆಲು ಹಾಸಿಯೇ ಸೌದಾ ಮಾಡುತ್ತಿದ್ದರು. ಮಾರುವವರು ಅವರನ್ನೇ ಹುಡುಕಿ ಬರುತ್ತಿದ್ದರು. ಕಾರು ಯಾಕೆ ಮಾರುತ್ತಿದ್ದೇವೆ, ಎಷ್ಟಕ್ಕೆ ಮಾರಿದೆವು ಎನ್ನುವುದು ಊರಿಗೆ ತಿಳಿಯಬಾರದು ಎನ್ನುವವರು ಈಗಲೂ ಇದ್ದಾರಲ್ಲ!

ನನ್ನ ಹೆಸರು ಮಚ್ಛೇಂದ್ರ. ಔರಾದಿನಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ ನನ್ನದು. ಆರನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳವಾಡಿ ಸಾಲಿ ಬಿಟ್ಟವನು. ಬಾವಿಯಿಂದ ಎತ್ತಿದ ಮೋಟರನ್ನು ಮೋಟರ್ ಸೈಕಲ್ಲಿನ ಹಿಂದೆ ಹಗ್ಗದಿಂದ ಬಿಗಿದು ತರುತ್ತಿದ್ದೆ. ಒಂದು ಮಳೆಗಾಲ ಕೆಸರಿನಲ್ಲಿ ಜಾರಿ ಮೋಟರು ನನ್ನ ಮೊಣಕಾಲಿನ ಮೇಲೆ ಬಿತ್ತು. ಅಂದಿನಿಂದ ನನ್ನ ಹೆಂಡತಿ ಆಮ್ರಪಾಲಿ ಒಂದು ಹಳೇ ವ್ಯಾನು ತೆಗೆದುಕೊಳ್ಳಿ ಎಂದು ಬೆನ್ನು ಹತ್ತಿದಳು. ನನಗೂ ಆಸೆಯಿತ್ತು. ವ್ಯಾನಿದ್ದರೆ ಕಮಲನಗರದ ಕಡೆಯ ಕೆಲಸವನ್ನೂ ಹಿಡಿಯಬಹುದಿತ್ತು.

ಬೀದರಿನಲ್ಲಿ ಹಳೇ ಗಾಡಿ ಮಾರುವ ಸಲಾವೋದ್ದೀನ ಭಾಯಿ ನನಗೆ ಪರಿಚಯ. ಅವನ ಅಂಗಳದಲ್ಲಿ ಎಂಬತ್ತು ಸಾವಿರಕ್ಕೆ ಒಂದು ಬಿಳಿ ವ್ಯಾನಿತ್ತು. ನಾನು ಎಪ್ಪತ್ತೈದು ಅಂದೆ. ಐದು ಸಾವಿರಕ್ಕೆ ಜಗಳವಾಡಿ ಎದ್ದು ಬಂದೆ. ಆಮೇಲೆ ಲಾಕ್‌ಡೌನು. ಅದು ಮುಗಿದ ಮೇಲೆ ಬಸ್ಸು ಹತ್ತಲು ಹೆದರಿದವರೆಲ್ಲ ಹಳೇ ಗಾಡಿ ಹುಡುಕಲು ನಿಂತರು. ಹೊಸ ಗಾಡಿ ಬುಕ್ ಮಾಡಿದವರಿಗೆ ತಿಂಗಳುಗಟ್ಟಲೆ ಗಾಡಿ ಬರಲಿಲ್ಲ, ಅವರೂ ಹಳೇದಕ್ಕೆ ಬಂದರು. ನಾನು ಎಂಬತ್ತು ಕೂಡಿಸಿಕೊಂಡು ಹೋದೆ. ಆ ಬಿಳಿ ವ್ಯಾನು ಹೋಗಿತ್ತು, ಅಂಥದ್ದಕ್ಕೇ ಈಗ ಒಂದು ಲಕ್ಷ ಎಂದರು. ಒಂದು ಲಕ್ಷ ಕೂಡಿಸಿಕೊಂಡು ಹೋದೆ. ಆ ರೇಟೂ ಹೋಗಿತ್ತು.

“ಇದೇನ್ ಬಂಗಾರದ್ದೇನ್ ಭಾಯಿ? ಮೂರು ವರ್ಷ ಹಳೇದಾಗ್ಯದ, ರೇಟ್ ಇಳೀಬೇಕ್ ಅಲ್ಲೇನು?” ಎಂದು ನಾನು ಕೂಗಾಡಿದೆ.

“ಭಾಯ್, ಚಿಲ್ಲಾವ್ ಮತ್. ಗಾಡಿ ಹಳೇದಾಗ್ಯದ, ರೇಟ್ ಹೊಸಾದು” ಎಂದ ಸಲಾವೋದ್ದೀನ. “ನೀವು ಎಂಬತ್ತಕ್ಕ ಬಿಟ್ಟಿದ್ ಗಾಡಿ ಮಾರಿ ನಾನೂ ಅಳ್ತಾ ಕುಂತೇನಿ. ಇವತ್ತು ಇದ್ದಿದ್ರ ಡೇಢ್ ಲಾಖ್, ಒಂದೂವರಿ ಲಕ್ಷ.”

ಔರಾದಿಗೆ ಬಂದರೆ ಓಣಿಯವರು ಕೇಳುತ್ತಿದ್ದರು, “ಏನ್ ಮಚ್ಛೇಂದ್ರ, ವ್ಯಾನ್ ಎಲ್ಲಿ ಮುಟ್ಟೈತಿ?” ವ್ಯಾನಿನ ಮಾತನ್ನು ಊರಿಗೆಲ್ಲ ಮೊದಲೇ ಹೇಳಿಬಿಟ್ಟದ್ದು ನಾನೇ. ಕೇಳಿದವರಿಗೆ ಬೈದು ಒಳಗೆ ಹೋಗಿ ಕೂರುತ್ತಿದ್ದೆ.

ಕೊನೆಗೆ ಭಾಲ್ಕಿಗೆ ಹೋದೆ. ಕಾಕಾ ನನ್ನ ಮುಖ ನೋಡಿದ ತಕ್ಷಣ ಗುರುತು ಹಿಡಿದರು. ನರಸಿಂಗ ಎನ್ನುವವರ ವ್ಯಾನು ತೋರಿಸಿದರು. ನರಸಿಂಗ ತರಕಾರಿ ಸಾಗಿಸುತ್ತಿದ್ದವರು. ಅವರ ಹೆಂಡತಿಯನ್ನು ಬೀದರಿನ ದವಾಖಾನೆಗೆ ಸೇರಿಸುವುದಿತ್ತು, ಅದಕ್ಕೆ ಮಾರುತ್ತಿದ್ದರು. ಕಾಕಾ ನಮ್ಮಿಬ್ಬರನ್ನು ಕೂರಿಸಿ ಟವೆಲು ಹಾಸಿದರು. ಅವರ ಕೈ ಒಣಗಿದ ಕಟ್ಟಿಗೆಯ ಹಾಗಿತ್ತು. ನನ್ನ ಒಂದು ಬೆರಳು ಹಿಡಿದರು, ಆಮೇಲೆ ನಾಲ್ಕು, ಆಮೇಲೆ ಇಡೀ ಕೈ. ಒಂದು ಲಕ್ಷ ನಲವತ್ತೈದು ಸಾವಿರ. ಒಪ್ಪಿಗೆ ಎಂದು ನಾನು ಕೈ ಹಿಂಡಿದೆ. ಅಪ್ಪನ ಕೈಯೂ ಹೀಗೇ ಒಳಗಿತ್ತಲ್ಲ ಎಂದು ನೆನಪಾಯಿತು.

ಬಯಾನಾ ಎಂದು ಐದು ಸಾವಿರ ಮುಂಗಡ ಕೊಟ್ಟೆ. ಉಳಿದದ್ದನ್ನು ಕೂಡಿಸಲು ಎಂಟು ದಿನ ಕೇಳಿದೆ. ಆಮ್ರಪಾಲಿ ತನ್ನ ಸಂಘದಲ್ಲಿ ಸಾಲ ಎತ್ತಿದಳು. ಎಂಟನೇ ದಿನ ಹಣ ಕೊಟ್ಟು, ಕಾಕಾನಿಗೆ ದಲಾಲಿ ಕೊಟ್ಟು, ವ್ಯಾನು ತಂದೆ. ಓಣಿಯಲ್ಲಿ ಪೇಢಾ ಹಂಚಿದೆವು. ಬುದ್ಧ ವಿಹಾರದ ಮುಂದೆ ನಿಲ್ಲಿಸಿ ಮೇಣದಬತ್ತಿ ಹಚ್ಚಿದೆವು.

ಒಂದು ವಾರವೂ ಆಗಿರಲಿಲ್ಲ. ತಾಮ್ರದ ತಂತಿ ತರಲು ಬೀದರಿಗೆ ಹೋದವನು, ಹುರುಪಿನಲ್ಲಿ ವ್ಯಾನನ್ನು ಸಲಾವೋದ್ದೀನನ ಅಂಗಳಕ್ಕೆ ತಿರುಗಿಸಿದೆ. ಅವನಿಗೆ ತೋರಿಸಬೇಕಾಗಿತ್ತು.

“ಅರೇ, ಇದು ನರಸಿಂಗನ ಗಾಡಿ!” ಎಂದ. “ಯುಗಾದಿ ಟೈಮಿಗೆ ನನಗ ಒಂದ್ ಲಾಖ್ ಪಚ್ಚೀಸ್ ಹೇಳಿದ್ದ. ನೀವು ಎಷ್ಟ್ ಕೊಟ್ರಿ ಭಾಯಿ?”

ನನ್ನ ತಲೆಗೆ ಬೆಂಕಿ ಬಿತ್ತು. ಒಂದು ಇಪ್ಪತ್ತೈದರ ಗಾಡಿ! ಇಪ್ಪತ್ತು ಸಾವಿರ ಟವೆಲಿನಲ್ಲಿ ಮಾಯವಾಗಿದೆ! ಯುಗಾದಿಗೂ ಆ ದಿನಕ್ಕೂ ನಡುವೆ ಎಷ್ಟು ತಿಂಗಳಾದವು ಎಂದು ನಾನು ನೆನೆಸಲಿಲ್ಲ. ಮೂರು ವರ್ಷ ರೇಟಿನ ಹಿಂದೆ ಓಡಿ ಉಸಿರು ಕಟ್ಟಿದವನು ನಾನೇ. ತಿಂಗಳಿಗೊಂದು ರೇಟು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಆ ಗಳಿಗೆಯಲ್ಲಿ ನನಗೆ ಕಂಡದ್ದು ಕಳ್ಳ ಮಾತ್ರ. ತಂತಿ ತೆಗೆದುಕೊಳ್ಳದೆ ನೇರ ಭಾಲ್ಕಿಗೆ ಗಾಡಿ ಹೊಡೆದೆ.

ಕಾಕಾ ಅದೇ ಹೋಟೆಲಿನಲ್ಲಿ ಕೂತಿದ್ದರು. ಎದುರಿಗೆ ಅವರ ಊರು ಭಾತಂಬ್ರಾದ ಒಬ್ಬ ಹಿರಿಯ ಗೌಡರು, ಬಿಳಿ ಟೋಪಿ, ಒಗೆದ ಅಂಗಿ. ಇಬ್ಬರ ಕೈಗಳ ಮೇಲೆ ಟವೆಲಿತ್ತು. ಟವೆಲು ಅಲುಗಾಡುತ್ತಿತ್ತು. ನಾನು ಹೋದವನೇ ಅದನ್ನು ಎಳೆದು ಕಿತ್ತು ನೆಲಕ್ಕೆ ಎಸೆದೆ. ಚಹಾದ ಕಪ್ಪು ತೊಳೆದ ನೀರು ಹರಿಯುವ ಜಾಗ. ಟವೆಲು ಅದರಲ್ಲಿ ಬಿತ್ತು.

“ಒಂದು ನಲವತ್ತೈದು!” ಎಂದು ಕೂಗಿದೆ. “ಕೇಳ್ರಪಾ ಎಲ್ಲಾರೂ! ಒಂದು ಇಪ್ಪತ್ತೈದರ ಗಾಡಿ ನನಗ ಒಂದು ನಲವತ್ತೈದಕ್ಕ ಕೊಟ್ಟಾನ ಈ ಮುದುಕ! ಇಪ್ಪತ್ತು ಸಾವಿರ ಟವೆಲಿನಾಗ ನುಂಗ್ಯಾನ! ನಮ್ಮಪ್ಪನ್ನೂ ಹಿಂಗ ನುಂಗಿದ್ದೇನು?”

ಮೇಜಿನ ಮೇಲೆ ಎರಡು ಮುದಿ ಕೈಗಳು ಬೆಳಕಿನಲ್ಲಿ ಹಾಗೇ ಇದ್ದವು. ಕಾಕಾ ಆ ಹಿರಿಯರ ಮೂರು ಬೆರಳು ಹಿಡಿದಿದ್ದರು. ಎಲ್ಲರೂ ನೋಡಿದರು. ಮೂಲೆಯಿಂದ ಯಾರೋ, “ಮೂರಕ್ಕ ಹೊಂಟದ ನೋಡಪ್ಪ ಗೌಡರ ಕಾರು” ಎಂದು ನಕ್ಕ. ಹಿರಿಯರು ಕೈ ಎಳೆದುಕೊಂಡರು. ಟೋಪಿ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಅವರ ಚಹಾ ಹಾಗೇ ಉಳಿಯಿತು.

ಕಾಕಾ ನನಗೆ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಬಗ್ಗಿ ಟವೆಲು ಎತ್ತಿಕೊಂಡರು, ಹಿಂಡಿದರು.

“ಬಜಾರ್ದಾಗ ರೇಟ್ ಮಾತಾಡಂಗಿಲ್ಲ ತಮ್ಮಾ. ಮನೀಗ್ ಹೋಗು” ಎಂದರು. ಅಷ್ಟೇ.

ನಾನು ಗೆದ್ದೆ ಎಂದುಕೊಂಡು ಔರಾದಿಗೆ ಬಂದೆ. ಆಮ್ರಪಾಲಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಕೈ ಹಿಡದ್ ಮ್ಯಾಲ ಯಾಕ ಕೂಗಿದ್ರಿ? ನಮಗ ಕೂಗ್ತಿದ್ರಲ್ಲ, ಅವರಿಗೂ ನಿಮಗೂ ಏನ್ ಫರಕ ಉಳೀತು?” ಎಂದಳು. ಅವಳ ಮೇಲೂ ರೇಗಿದೆ. ಊಟ ಮಾಡದೆ ಎದ್ದೆ.

ಮುಂದಿನ ತಿಂಗಳು ಗಾಡಿಯ ಕಾಗದ ನನ್ನ ಹೆಸರಿಗೆ ಮಾಡಿಸಲು ಬೀದರಿನ ಆರ್‌ಟಿಓ ಆಫೀಸಿಗೆ ಹೋದೆ. ಸಹಿ ಹಾಕಲು ನರಸಿಂಗ ಬಂದಿದ್ದರು. ಹೆಂಡತಿಯ ಜೊತೆ ದವಾಖಾನೆಯಲ್ಲೇ ಇದ್ದವರು, ಭಾಲ್ಕಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಬೇವಿನ ಮರದ ಕೆಳಗೆ ಸರದಿ ಕಾಯುತ್ತ ಕೂತಿದ್ದೆವು. ಅವರು ನನ್ನ ಕೈ ಹಿಡಿದುಕೊಂಡರು.

“ನಿಮ್ಮ ಉಪಕಾರ ಮರಿಯಂಗಿಲ್ರಿ. ಮ್ಯಾಲಿನ ಇಪ್ಪತ್ತು ಸಾವಿರ ಟೈಮಿಗ್ ಮುಟ್ಟಿತು. ಆಪರೇಷನ್ನಿಗೆ ಅದ ಆತು.”

“ಯಾವ್ ಇಪ್ಪತ್ತು?”

“ನೀವ್ ಕೊಟ್ಟಿದ್ದು! ಕಾಕಾ ತಂದ್ ಕೊಟ್ರಲ್ಲ?” ನರಸಿಂಗ ನನ್ನ ಮುಖ ನೋಡಿ ತಡವರಿಸಿದರು. “ಬಯಾನಾ ಆದ್ ಮ್ಯಾಲ ಕಮಲನಗರದಾವ ಒಬ್ಬ ಒಂದು ಅರವತ್ತೈದಕ್ಕ ಕೇಳಿದ್ನ್ರಿ. ಯುಗಾದಿಗಿ ಒಂದು ಇಪ್ಪತ್ತೈದು ಇದ್ದಿದ್ದು ಎಲ್ಲಿಗ್ ಹೋತು ನೋಡ್ರಿ! ನಾ ಬಯಾನಾ ವಾಪಸ್ ಕೊಡ್ಲಿಕ್ಕಿ ಹೋದೆ. ನಾಚಿಕಿ ಬರ್ತಿತ್ತು, ಆದ್ರ ಮನ್ಯಾಗಿನಾಕಿ ಸಲವಾಗಿ ಹೋದೆ. ಕಾಕಾ ಎರಡ ದಿನ ನಿಲ್ಲು ಅಂದ್ರು. ಎರಡ ದಿನ ಬಿಟ್ಟು ಇಪ್ಪತ್ತು ತಂದ್ ಕೊಟ್ರು. ಮಚ್ಛೇಂದ್ರ ಒಪ್ಪ್ಯಾನ ಅಂತಂದ್ರು.”

ಆ ಇಪ್ಪತ್ತು ಕಾಕಾ ತಮ್ಮ ಜೇಬಿನಿಂದ ಕೊಟ್ಟದ್ದು. ಹೌದು, ನಾನೇ ಕೊಟ್ಟದ್ದು ಎಂದು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಇಪ್ಪತ್ತು ಸಾವಿರ ಕೂಡಿಸಲು ನನಗೆ ಮಳೆಗಾಲ ಮುಗಿಯುವ ತನಕ ಬೇಕಾಯಿತು. ಹಣ ಜೇಬಿನಲ್ಲಿಟ್ಟುಕೊಂಡು, ಬಟ್ಟೆ ಅಂಗಡಿಯಲ್ಲಿ ಕೆಂಪು ಅಂಚಿನ ಒಂದು ಟವೆಲು ಕೊಂಡು, ಭಾಲ್ಕಿಗೆ ಅವರ ಮನೆಗೆ ಹೋದೆ. ಹೋಟೆಲಿಗೆ ಹೋಗುವ ಮುಖವಿರಲಿಲ್ಲ. ಬಾಗಿಲು ತೆಗೆದವರು ಗುರಮ್ಮ ಕಾಕು. ನನ್ನನ್ನು ಮೇಲೆ ಕೆಳಗೆ ನೋಡಿದರು.

“ಬಾರಪ್ಪ ಔರಾದ ಸಾವಕಾರ. ಇವತ್ತೇನ್ ಕಿತಗೊಂಡ್ ಹೋಗ್ಲಿಕ್ಕಿ ಬಂದಿ? ಧೋತರ ಒಂದ ಉಳದದ ಅವರ ಮೈಮ್ಯಾಲ.”

ನಾನು ಅಂಗಳದಲ್ಲೇ ನಿಂತೆ. ಒಳಗಿನಿಂದ ಕಾಕಾ, “ಏ, ಅವಗ ಕುಂಡ್ರಾಕ ಹಾಸು. ಚಹಾ ಇಡು” ಎಂದರು.

ಅವರ ಹೆಗಲು ಬರಿದಾಗಿತ್ತು. ನನಗೆ ಗುರುತೇ ಸಿಗಲಿಲ್ಲ. ಟವೆಲಿಲ್ಲದ ಕಾಕಾನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಅವತ್ತಿನಿಂದ ಹೋಟೆಲಿಗೆ ಹೋಗಿಲ್ಲ, ದಲಾಲಿ ಬಿಟ್ಟಿದ್ದಾರೆ ಎಂದು ಕಾಕು ಒಲೆಯ ಮುಂದಿನಿಂದಲೇ ಹೇಳಿದರು. ಭಾತಂಬ್ರಾದ ಆ ಹಿರಿಯರ ಸೌದಾ ಒಡೆಯಿತಂತೆ. ಕಾಕಾ ಟವೆಲು ಹಾಸಿದ ಮೇಲೆ ಹೊರಗಿನವರಿಂದ ಒಡೆದ ಸೌದಾ ಅದೊಂದೇ. ಹುಡುಗರು ಹೋಟೆಲಿನಲ್ಲಿ ಟವೆಲು ಎಳೆಯುವ ಆಟ ಆಡುತ್ತಿದ್ದರಂತೆ.

ಅಷ್ಟು ತಪ್ಪು ನನ್ನ ಕಡೆಗಿದ್ದರೂ ನನ್ನ ಬಾಯಿಂದ ಮೊದಲು ಬಂದದ್ದು ಸಿಟ್ಟೇ.

“ನನಗ ಒಂದ ಮಾತ್ ಕೇಳಬೇಕಿತ್ರಿ ಕಾಕಾ. ನಾ ಏನ್ ಭಿಕ್ಷಾ ಬೇಡಲಿಕ್ಕಿ ಬಂದಿದ್ನೇನು?”

“ಕೇಳಿದ್ರ ಏನಂತಿದ್ದಿ?”

“ಬ್ಯಾಡ ಅಂತಿದ್ದೆ. ಗಾಡಿನೂ ಬ್ಯಾಡ ಅಂತಿದ್ದೆ.”

“ಅದಕ್ಕ ಕೇಳಲಿಲ್ಲ” ಎಂದರು. “ಮತ್ತ ನಿನ್ನ ಸಲವಾಗಿ ಮಾಡೀನಂತ ಉಬ್ಬಬ್ಯಾಡ. ನೀ ಯಾರ್ ನನಗ? ಟವೆಲಿನಾಗ ಆದ ಮಾತು ಇತ್ತು. ನರಸಿಂಗನ ತಾಪತ್ರಯನೂ ಸುಳ್ಳಲ್ಲ. ರೇಟ್ ಏರಿದ್ದು ನಿಂದೂ ತಪ್ಪಲ್ಲ, ಅವಂದೂ ಅಲ್ಲ. ನಡುವ ಕುಂತಾವ ನಾನಿದ್ದೆ.”

ಹಣ ತೆಗೆದು ಚಾಪೆಯ ಮೇಲಿಟ್ಟೆ. ಅವರು ಅದನ್ನು ನೋಡಲೂ ಇಲ್ಲ.

“ಬಿಚ್ಚಿ ಇಡಬ್ಯಾಡ. ಅಷ್ಟ್ ಕಲೀಲಿಲ್ಲೇನ್ ಇನ್ನಾ?”

ನೋಟುಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಹೊಸ ಟವೆಲನ್ನು ಬಿಚ್ಚಿ ನಮ್ಮಿಬ್ಬರ ನಡುವೆ ಹಿಡಿದೆ. ಕಾಕಾ ಅಂಚು ಮುಟ್ಟಿ ನೋಡಿದರು.

“ಚೊಲೊ ಅದಾ. ಎಷ್ಟ್ ಕೊಟ್ಟಿ?”

“ಕೇಳಬ್ಯಾಡ್ರಿ ಕಾಕಾ.”

ಅವರು ಸಣ್ಣಗೆ ನಕ್ಕರು. ತಾವೇ ಟವೆಲನ್ನು ಕೈಗಳ ಮೇಲೆ ಹಾಸಿದರು. ನಾನು ಕೆಳಗೆ ಅವರ ಅಂಗೈಯಲ್ಲಿ ಎರಡು ಬೆರಳು ಇಟ್ಟೆ. ಇಪ್ಪತ್ತು. ತೆಗೆದುಕೊಳ್ಳಿರಿ ಎಂದು ಒತ್ತಿದೆ. ಅವರು ಬಹಳ ಹೊತ್ತು ಆ ಎರಡು ಬೆರಳುಗಳನ್ನು ಹಿಡಿದುಕೊಂಡು ಕೂತರು. ಆಮೇಲೆ ಒಂದು ಬೆರಳನ್ನು ಮಡಚಿದರು. ಇನ್ನೊಂದನ್ನೂ ಮಡಚಿದರು. ಹೆಬ್ಬೆರಳನ್ನು ಮೇಲೆ ತಂದು ನನ್ನ ಕೈಯನ್ನು ಮುಷ್ಟಿ ಮಾಡಿ ಬಿಟ್ಟುಬಿಟ್ಟರು.

ನಾನು ಮತ್ತೆ ಬೆರಳು ಬಿಚ್ಚಲು ನೋಡಿದೆ. ಅಷ್ಟರಲ್ಲಿ ಅವರು ಟವೆಲು ಎತ್ತಿ ಮಡಚಿ ನನ್ನ ಮಡಿಲಿಗೆ ಇಟ್ಟರು.

“ಗಾಡಿ ಗಾಜು ಒರಸಲಿಕ್ಕಿ ಇಟ್ಕೋ. ಚಹಾ ಕುಡಿ.”

ಕುಡಿದೆ. ಕಾಕು ಸಕ್ಕರೆ ಹೆಚ್ಚು ಹಾಕಿದ್ದರು.

ಟವೆಲು ಈಗಲೂ ವ್ಯಾನಿನಲ್ಲಿ ಸ್ಟೇರಿಂಗಿನ ಮುಂದೆ ಮಡಚಿದ ಹಾಗೇ ಇದೆ. ಗಾಜನ್ನು ನಾನು ಹಳೇ ಅಂಗಿಯಿಂದ ಒರೆಸುತ್ತೇನೆ. ಹಳೇ ವ್ಯಾನಿನ ರೇಟು ಇನ್ನೂ ಏರಿದೆ. ಮೊನ್ನೆ ಕಮಲನಗರದ ಪೆಟ್ರೋಲ್ ಬಂಕಿನಲ್ಲಿ ಒಬ್ಬರು ವ್ಯಾನಿನ ಸುತ್ತ ಸುತ್ತಿ, ಟೈರು ಒದ್ದು, ಎರಡು ಲಕ್ಷದ ಮೇಲೆ ಕೊಡುತ್ತೇನೆ ಎಂದರು. ಮಾರುವುದಿಲ್ಲ ಎಂದೆ.

“ಹೋಗ್ಲಿ ಬಿಡ್ರಿ. ನೀವು ಎಷ್ಟಕ್ಕ ತಗೊಂಡ್ರಿ, ಅಷ್ಟರೆ ಹೇಳ್ರಿ” ಎಂದರು.

ಅವರ ಮೇಲೆ ರೇಗಬೇಕೆನಿಸಿತು, ರೇಗಲಿಲ್ಲ. ಗಾಡಿ ಚಾಲೂ ಮಾಡಿದೆ. ಒಂದು ನಲವತ್ತೈದು ಎಂದರೆ ಸುಳ್ಳಾಗುತ್ತದೆ. ಒಂದು ಅರವತ್ತೈದು ಎಂದರೂ ಸುಳ್ಳೇ, ಆ ಇಪ್ಪತ್ತನ್ನು ನಾನು ಇನ್ನೂ ಕೊಟ್ಟಿಲ್ಲ.